ಎರಡನೆಯ ತಲೆ

ಸಿಡ್ನಿಗೆ ಬಂದ ಮೇಲೆ ನನಗೆ ಸಿಕ್ಕ ನೌಕರಿಯೆಂದರೆ ಮಗನ ಕಾರಿನಲ್ಲಿ ಕೂರುವುದು. ಕೆಲ್ಲಿವಿಲ್‌ನ ನಮ್ಮ ಮನೆಯಿಂದ ಮ್ಯಾಕ್ವೆರಿ ಪಾರ್ಕಿನ ಅವನ ಆಫೀಸಿಗೆ ಹೋಗುವ ದಾರಿಯಲ್ಲಿ ಎಡಗಡೆಗೆ ಒಂದು ಲೇನಿದೆ. ಬೆಳಗಿನ ಹೊತ್ತು ಅದರಲ್ಲಿ ನುಗ್ಗಬೇಕಾದರೆ ಕಾರಿನೊಳಗೆ ಎರಡು ತಲೆಯಾದರೂ ಇರಬೇಕು. ಒಂದು ಅವನದು. ಇನ್ನೊಂದು, ಧಾರವಾಡದ ಶಾಲೆಯಲ್ಲಿ ಮಂದಿ ಮಕ್ಕಳ ಕಿವಿ ಹಿಂಡಿ, ಗಂಡ ಹೋದ ಮೇಲೆ ಇಲ್ಲಿಗೆ ಬಂದ ಈ ಅಕ್ಕೋರದು.

"ನೀ ಏನೂ ಮಾಡೂದು ಬ್ಯಾಡವ್ವಾ, ಬರೇ ಕೂಡು," ಎಂದಿದ್ದ. ಆಫೀಸಿನ ಹತ್ತಿರದ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿಸುತ್ತಿದ್ದ. ನಾನು ರೈಲು ಹತ್ತಿ ಮನೆಗೆ ವಾಪಸು. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ, ನನ್ನದು ಉಲ್ಟಾ. ಲೆಕ್ಕಕ್ಕಿದ್ದೆ, ಆಟಕ್ಕಿರಲಿಲ್ಲ.

ಆದರೂ ಸುಳ್ಳೇಕೆ ಹೇಳಲಿ, ಖುಷಿಯಿತ್ತು. ಮನೆಯಲ್ಲಿ ಅವನು ಮೀಟಿಂಗಿಗೆ ಸೇರಿದವನು, ಮಾರ್ಟ್‌ಗೇಜಿಗೆ ಸೇರಿದವನು, ಹೆಂಡತಿಗೆ ಸೇರಿದವನು. ಕಾರಿನಲ್ಲಿ ಮಾತ್ರ ನನ್ನವನು. ಬಾಸನ್ನು ಬಾಯ್ತುಂಬ ಬೈಯುತ್ತಿದ್ದ, ಸಿಗ್ನಲ್ಲಿನಲ್ಲಿ ನಿಂತಾಗ ಅಪ್ಪನ ನೆನಪು ತೆಗೆಯುತ್ತಿದ್ದ. ಆ ಅಷ್ಟು ಹೊತ್ತಿನ ಮಾತಿನ ಮೇಲೆ ನನ್ನ ಇಡೀ ದಿನ ನಿಂತಿತ್ತು. ಅದೊಂದು ಹೋದರೆ ಈ ದೇಶದಲ್ಲಿ ನನಗೆ ಏನೂ ಉಳಿಯುತ್ತಿರಲಿಲ್ಲ.

ಅದಕ್ಕೆ ಕಲ್ಲು ಹಾಕಿದವನು ಅವನ ಷಡ್ಡಕ, ಸೊಸೆಯ ಅಕ್ಕನ ಗಂಡ. ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಗಾಳಿ ಶುದ್ಧವಾಗಲೆಂದು ಅಲ್ಲಿ ಸರಕಾರವೇ, ಪೆಟ್ರೋಲಿನ ಜೊತೆ ಬ್ಯಾಟರಿಯಲ್ಲೂ ಓಡುವ ಹೈಬ್ರಿಡ್ ಕಾರುಗಳನ್ನು ಇಂಥ ಲೇನಿಗೆ ಬಿಟ್ಟಿತ್ತಂತೆ. ಒಬ್ಬನೇ ಇದ್ದರೂ ನಡೆಯುತ್ತಿತ್ತಂತೆ. ನಮ್ಮವರದೊಂದು ಚಾಳಿ, ಫಾರಿನ್ ಎಂದರೆ ಎಲ್ಲ ಒಂದೇ ಊರು. ಅಮೆರಿಕದ ಷಡ್ಡಕ ಫೋನಿನಲ್ಲಿ ಉಸುರಿದ್ದು ಆಸ್ಟ್ರೇಲಿಯಾದ ಕಾನೂನಾಯಿತು.

"ಇಲ್ಲೂ ಹಂಗ ಅದ ಏನೋ?" ಎಂದು ಕೇಳಿದೆ.

"ಇರ್ತದ ಬಿಡವ್ವಾ. ಮುಂದುವರದ ದೇಶ ಅಲ್ಲೇನು ಇದು?" ಎಂದ. ಹಳೆಯ ಕಾರು ಮಾರಿ ಹೈಬ್ರಿಡ್ ತಂದೇ ಬಿಟ್ಟ. "ಇನ್ನ ನೀ ಆರಾಮ ಮಲಕ್ಕೋ. ನಿನಗ ನನ್ನ ಕಾಟ ತಪ್ತು, ನನಗ ನಿಂದು," ಎಂದು ನಕ್ಕ. ನಾನೂ ನಕ್ಕೆ.

ಶನಿವಾರ ಮನೆಯ ಮುಂದೆ ಕಾರಿಗೆ ಪೂಜೆ. ಆರತಿ ತಟ್ಟೆ ಬೆಳಗಿದವಳು ನಾನು, ಕುಂಕುಮದ ನೀರು ಕಲಸಿದವಳು ನಾನು. ತಟ್ಟೆ ಎತ್ತಿಕೊಂಡು ಹೊರಗೆ ಬಂದೆ. ಬೆಂಗಳೂರಿನ ನನ್ನ ಸೊಸೆ ಮೆಲ್ಲಗೆ ಕೈಯಿಂದ ಅದನ್ನು ತೆಗೆದುಕೊಂಡಳು.

"ಅತ್ತೆ, ಬೇಜಾರು ಮಾಡ್ಕೋಬೇಡಿ. ಆರತಿ ಪಕ್ಕದ್ಮನೆ ಆಂಟಿ ಮಾಡ್ಲಿ. ಹೊಸ ಗಾಡಿ ಅಲ್ವಾ, ಮುತ್ತೈದೆ ಕೈಲಾದ್ರೆ ಒಳ್ಳೇದು."

ಮಗನ ಕಡೆ ನೋಡಿದೆ. ಅವನು ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ. ಎಲ್ಲ ಕೇಳಿಸಿತ್ತು ಅವನಿಗೆ. ಇಟ್ಟ ಹಣ್ಣನ್ನೇ ಮತ್ತೆ ಸರಿಮಾಡಿದ, ತಲೆ ಎತ್ತಲಿಲ್ಲ. ಕಾನೂನು ಕ್ಯಾಲಿಫೋರ್ನಿಯಾದ್ದು, ಶಕುನ ಬೆಂಗಳೂರಿನದು, ನಡುವೆ ಮುಂಡೆ ನಾನು. ಜಾಲರಿ ಬಾಗಿಲಿನ ಹಿಂದೆ ನಿಂತು ಪೂಜೆ ನೋಡಿದೆ.

ಕೆಲವು ದಿನ ಒಬ್ಬನೇ ಜುಮ್ಮೆಂದು ಹೋದ. ಒಂದು ಬೆಳಿಗ್ಗೆ ಪೊಲೀಸರು ಹಿಡಿದರು. ಸಂಜೆ ಬಂದು ಸೋಫಾದಲ್ಲಿ ಕುಸಿದು, "ಇಲ್ಲೆ ಹೈಬ್ರಿಡ್ ಇದ್ರೂ ಇಬ್ಬರು ಬೇಕಂತ. ದಂಡ ಹಾಕಿದ್ರು," ಎಂದ.

ಆಹಾ! ಎಷ್ಟು ತಂಪಾಯಿತು ಜೀವಕ್ಕೆ. "ನಿನ್ನ ಷಡ್ಡಕಗ ಕಳಸು ಅದನ್ನ. ಕ್ಯಾಲಿಫೋರ್ನಿಯಾದಾಗ ಕಟ್ಟಲಿ," ಎಂದೆ. ಸೊಸೆ ದಡಕ್ಕನೆ ಎದ್ದು ಒಳಗೆ ಹೋದಳು. ಅವಳು ಹೋದ ಮೇಲೆ ಅವನು, "ನಾಳಿಂದ ಮತ್ತ ಬಾ ಅವ್ವಾ," ಎಂದ.

ಮರುದಿನ ನಾನು ಹಿಂದಿನ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತೆ.

"ಮುಂದ ಬಾರವ್ವಾ."

"ಮುತ್ತೈದೇರು ಕೂಡೂ ಜಾಗ ಅದು. ನಿನಗ ಒಂದು ತಲಿ ಬೇಕಿತ್ತು, ತಂದೀನಿ. ಹೊಡಿ ಗಾಡಿ."

ಅವನ ಕಿವಿ ಕೆಂಪಾದವು. ಗಾಡಿ ಹೊರಡಿಸಿದ. ಒಂದು ಸಿಗ್ನಲ್ಲಿನಲ್ಲಿ ನಿಂತಾಗ, ತಿರುಗಿ ನೋಡದೆ, "ಅವತ್ತ ನಾ ಮಾತಾಡಬೇಕಿತ್ತು. ತಪ್ಪಾತವ್ವಾ," ಎಂದ.

ಇಷ್ಟು ದಿನ ಕಾದಿದ್ದು ಆ ಮಾತಿಗೇ. ಆದರೆ ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ.

"ನಿಮ್ಮಪ್ಪ ಹೋಗಿದ್ದು ಚಲೋ ಆತು ನೋಡು," ಎಂದೆ. "ಇದ್ದಿದ್ರ ಅವರನ್ನೂ ತಲಿ ಲೆಕ್ಕಕ್ಕ ಇಟ್ಕೋತಿದ್ದಿ."

ಕನ್ನಡಿಯಲ್ಲಿ ಅವನ ಕಣ್ಣು ತುಂಬಿದ್ದು ಕಂಡಿತು. ನನಗೆ ಸಮಾಧಾನವಾಯಿತು. ಸ್ಟೇಷನ್ನಿನ ಮುಂದೆ ಅವನೇ ಇಳಿದು ಬಾಗಿಲು ತೆಗೆದ. ಮುಖ ನೋಡದೆ ನಡೆದುಬಿಟ್ಟೆ.

ಮಾರನೆಯ ಬೆಳಿಗ್ಗೆ ಬೇಗ ಎದ್ದು, ಸ್ನಾನ ಮುಗಿಸಿ, ಇಸ್ತ್ರಿ ಸೀರೆ ಉಟ್ಟು ಪಡಸಾಲೆಯಲ್ಲಿ ಕೂತೆ. ಇವತ್ತು ಮುಂದೆಯೇ ಕೂರುವುದು ಎಂದು ಮನಸ್ಸು ಮಾಡಿದ್ದೆ. ಪಾಪ, ಎಷ್ಟಂತ ಹಟ. ಅವನು ಇನ್ನೂ ಸ್ನಾನ ಮಾಡುತ್ತಿರಬೇಕು ಅಂದುಕೊಂಡು ಚಪ್ಪಲಿಯನ್ನೂ ಮೆಟ್ಟಿಕೊಂಡೆ. ಸೊಸೆ ಕಾಫಿ ಹಿಡಿದು ಬಂದಳು.

"ಯಾಕತ್ತೆ, ರೆಡಿಯಾಗಿ ಕೂತಿದ್ದೀರಾ? ಅವ್ರು ಹೋಗಿ ಎಷ್ಟೊತ್ತಾಯ್ತು. ಇನ್ಮೇಲೆ ಬೇಗ ಹೊರಟು ಮಾಮೂಲಿ ಲೇನಲ್ಲೇ ಹೋಗ್ತಾರಂತೆ."

ನನಗೆ ಗೊತ್ತೇ ಆಗಿರಲಿಲ್ಲ. ಆ ಹಾಳು ಕಾರು ಹೊರಡುವಾಗ ಸದ್ದೇ ಮಾಡುವುದಿಲ್ಲ.