ನನ್ನ ಕೈ ನನಗ ಕೊಟ್ಟುಬಿಡ್ರಿ

ನನ್ನ ಕನ್ನಡ ಮನೆಯೊಳಗೆ ಕಲಿತದ್ದು. ಓದಿದ್ದೆಲ್ಲ ತೆಲುಗು ಮತ್ತು ಇಂಗ್ಲಿಷಿನಲ್ಲಿ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ ಆದುದರಿಂದ ತಿದ್ದಿಕೊಡುವವರೂ ಇಲ್ಲ. ಈ ಬರಹದ ದೋಷಗಳನ್ನು ಓದುಗರು ದಯವಿಟ್ಟು ಮನ್ನಿಸಬೇಕು.

ಆಗ ನಾನು ವಿಶಾಖಪಟ್ಟಣದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಔಷಧದ ಜೊತೆಗೆ ರೋಗಿಯ ಕೈಗೆ ಎಣ್ಣೆ ನೀವುವುದು, ಉಸಿರಾಟವನ್ನು ನಿಧಾನಕ್ಕೆ ತರುವುದು ಮುಂತಾದ ಪೂರಕ ಆರೈಕೆಯ ತರಬೇತಿ ಪಡೆದಿದ್ದೆ. ಕೊಂಡಪಲ್ಲಿಯ ಬಳಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅಪ್ಪ ಅಲ್ಲಿ ಏಣಿಯಿಂದ ಬಿದ್ದು, ತಲೆಗೆ ಶಸ್ತ್ರಚಿಕಿತ್ಸೆಯಾಗಿದೆಯೆಂದು ತಿಳಿದು ವಿಜಯವಾಡದ ಆಸ್ಪತ್ರೆಗೆ ಧಾವಿಸಿದೆ.

ಅಪ್ಪನ ಎರಡೂ ಕೈಗಳನ್ನು ಮಂಚದ ಸರಳಿಗೆ ಬಟ್ಟೆಯಿಂದ ಬಿಗಿದಿದ್ದರು. ಮಣಿಕಟ್ಟಿನ ಚರ್ಮ ಸುಲಿದು ರಕ್ತ ಒಸರುತ್ತಿತ್ತು. ಹಿಂದಿನ ದಿನ ಅಪ್ಪ ತಲೆಯ ಪೆಟ್ಟಿನ ಭ್ರಮೆಯಲ್ಲಿ ಅಟೆಂಡರನ ಹಲ್ಲು ಉದುರಿಸಿ, ಅವ್ವನ ಕುತ್ತಿಗೆ ಹಿಸುಕಿದ್ದರಂತೆ. ಆಮೇಲೆ ಅವ್ವನನ್ನು ವಾರ್ಡಿನೊಳಗೆ ಬಿಟ್ಟಿರಲಿಲ್ಲ. ಈಗ ಅಪ್ಪ ತಲೆಯನ್ನು ಸರಳಿಗೆ ಚಚ್ಚುತ್ತ, “ಕೊಟ್ಟು... ಕೊಟ್ಟು...” ಎಂದು ಅರಚುತ್ತಿದ್ದರು. ತೆಲುಗಿನಲ್ಲಿ ಹಾಗೆಂದರೆ ‘ಹೊಡಿ’. ನನಗೂ ಮೊದಲು ಕೇಳಿಸಿದ್ದು ಆ ಅರ್ಥವೇ.

“ಹೊಲಿಗೆ ಬಿಚ್ಚಿದರೆ ಇವರು ಉಳಿಯುವುದು ಕಷ್ಟ. ಮಂಪರಿನ ಮದ್ದನ್ನು ಇನ್ನು ಹೆಚ್ಚಿಸುವಂತಿಲ್ಲ,” ಎಂದರು ಡಾಕ್ಟರು.

ಬಲಗೈ ಬಿಚ್ಚಿ ಎಣ್ಣೆ ನೀವಲು ಅನುಮತಿ ಬೇಡಿದೆ. ಹಿರಿಯ ಸಿಸ್ಟರ್ ನಕ್ಕರು: “ಏನಮ್ಮಾ, ನಿಮ್ಮ ವಿಶಾಖಪಟ್ಟಣದಲ್ಲಿ ಎಣ್ಣೆ ಹಚ್ಚಿ ಹುಲಿ ಪಳಗಿಸುತ್ತೀರಾ?”

ಡಾಕ್ಟರು ಒಪ್ಪಿದರು. ಗಂಟು ಸಡಿಲಿದ್ದೇ ತಡ, ಅಪ್ಪನ ಮುಷ್ಟಿ ನನ್ನ ಬಾಯಿಗೆ ಅಪ್ಪಳಿಸಿತು. ತುಟಿ ಸೀಳಿತು. “ಕಟ್ಟಿ, ಮೊದಲು ಕಟ್ಟಿ!” ಎಂದು ಸಿಸ್ಟರ್ ಮುನ್ನುಗ್ಗಿದರು. ನಾನು ಆ ಕೈಯ ಮೇಲೆ ಬಿದ್ದು, ರೂಢಿಬಲದಿಂದ ತೆಲುಗಿನಲ್ಲೇ ‘ಉಸಿರು ಬಿಡಿ’ ಎನ್ನುತ್ತಿದ್ದೆ. ಅಪ್ಪ ಇನ್ನಷ್ಟು ಸೆಣಸಿದರು. ಅವರ ಒಣಗಿದ ಬಾಯಿ ನನ್ನ ಕಿವಿಗೆ ತಾಗಿದಾಗ ಮಾತು ಪೂರ್ತಿ ಕೇಳಿಸಿತು:

“ನನ್ನ ಕೈ ನನಗ ಕೊಟ್ಟುಬಿಡ್ರೀ...”

ಅದು ವಿಜಯಪುರದ ಕಡೆಯ ನಮ್ಮ ಮನೆಮಾತು.

“ಕೊಟ್ಟೀನಿ ಅಪ್ಪಾ, ತಗೋ ನಿನ್ನ ಕೈ,” ಎಂದು ಆ ಕೈಯನ್ನು ಅವರ ಎದೆಯ ಮೇಲೆಯೇ ಇಟ್ಟೆ. ಅವರು ನನ್ನ ಕಿರುಬೆರಳನ್ನು ಹಿಡಿದು ತಿರುಚಿದರು, ಕೀಲು ಲಟಕ್ಕೆಂದಿತು. ನೋವಿಗೆ ಚೀರಿದೆ, ಆದರೆ ಬೆರಳನ್ನು ಎಳೆದುಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಎಣ್ಣೆ ನೀವುತ್ತ ಅದೇ ಮಾತನ್ನು ಮತ್ತೆ ಮತ್ತೆ ಹೇಳಿದೆ. ಹಿಡಿತ ಸಡಿಲಿತು. ತಲೆ ದಿಂಬಿಗೆ ಒರಗಿತು.

ಹೊಲಿಗೆ ಉಳಿಯಿತು, ಅಪ್ಪ ಬದುಕಿದರು. ಅವರು ಕೆಲಸಕ್ಕೆ ಮರಳಲಾಗದ್ದರಿಂದ ಕಾರ್ಖಾನೆ ಕೊಟ್ಟಿದ್ದ ಕ್ವಾರ್ಟರ್ಸ್ ಬಿಟ್ಟೆವು. ನಾನು ವಿಜಯವಾಡದಲ್ಲೇ ಕೆಲಸಕ್ಕೆ ಸೇರಿದೆ. ಅವರ ಸಿಟ್ಟು ಪೂರ್ತಿ ಹೋಗಿಲ್ಲ. ಅವ್ವ ಬೇರೆ ಕೋಣೆಯಲ್ಲಿ ಮಲಗುತ್ತಾಳೆ. ಅಪ್ಪನೊಡನೆ ಈಗ ಮನೆಯಲ್ಲಿ ಯಾರೂ ತೆಲುಗು ಆಡುವುದಿಲ್ಲ. ಕೇಳದೆ ಅವರ ಕೈ ಹಿಡಿಯುವುದೂ ಇಲ್ಲ.