ಮೆಟ್ಟಿಲು ಹತ್ತದ ಬೋರತ್ತೆ

"ಹಟ್ಟಿ ಹುಡುಗಿ ಡಿಗ್ರಿ ಮುಗಿಸೋದು, ನಾಯಿ ಲಾಡ್ಜಿನ ಮಂಚದ ಮ್ಯಾಲೆ ಮಲಗೋದು, ಎರಡೂ ಆಗೋ ಮಾತಲ್ಲ" ಎಂದವಳು ನಮ್ಮ ಬೋರತ್ತೆ. ನನ್ನ ಅಪ್ಪನ ಅಕ್ಕ. ಚಳ್ಳಕೆರೆಯ ಹೆದ್ದಾರಿ ಪಕ್ಕದ ಫ್ಯಾಮಿಲಿ ಹೋಟೆಲಿನ ಮೆಟ್ಟಿಲ ಬುಡದಲ್ಲಿ, ಒಗೆದ ದುಪ್ಪಟಿಗಳ ರಾಶಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೇಳಿದಳು. ಸಿಟ್ಟಿನಿಂದ ಹೇಳಲಿಲ್ಲ. ಇವತ್ತು ಬಿಸಿಲು ಜೋರು ಎನ್ನುವ ಹಾಗೆ ಹೇಳಿದಳು.

ಎರಡೂ ಆದವು. ಮೊದಲು ನಾಯಿಯದಾಯಿತು, ಆಮೇಲೆ ನನ್ನದು.

ಬೋರತ್ತೆ ಆ ಹೋಟೆಲಿನ ದುಪ್ಪಟಿ, ದಿಂಬಿನ ಚೀಲ, ಟವೆಲುಗಳ ಯಜಮಾನಿ. ಎತ್ತರದ ಹೆಂಗಸು, ಸೊಂಟದಲ್ಲಿ ಬೀಗದ ಕೈ ಗೊಂಚಲು, ಕೈತುಂಬಾ ನೀಲಿ ಹಾಕಿದ ನೀರಿನ ವಾಸನೆ. ಒಣಗಿದ ದುಪ್ಪಟಿಯನ್ನು ಮಡಿಚುವ ಮೊದಲು ಮೂಗಿಗೆ ಹಿಡಿದು ನೋಡುತ್ತಿದ್ದಳು. ಯಾರಾದರೂ ಕೈ ತೊಳೆಯದೆ ಮಡಿಚಿದ ರಾಶಿ ಮುಟ್ಟಿದರೆ ಮುಗಿಯಿತು. ಪೂರ್ತಿ ರಾಶಿ ಮತ್ತೆ ತೊಟ್ಟಿಗೆ. ಒಮ್ಮೆ ಮಾಲೀಕರೇ ಮುಟ್ಟಿಬಿಟ್ಟರು. "ನಿಮ್ಮ ಹೋಟ್ಲು ಹೌದ್ರಿ. ದುಪ್ಪಟಿ ನಂದು" ಎಂದು ಅವರ ಎದುರಿಗೇ ಎತ್ತಿಕೊಂಡು ಹೋದಳು.

ಮಾಲೀಕರು ರಾಮಾಂಜಿನಪ್ಪನವರು ಮೊಳಕಾಲ್ಮೂರಿನವರು. ಅರ್ಧ ಕನ್ನಡ, ಅರ್ಧ ತೆಲುಗು. ಬೈಯುವುದು ತೆಲುಗಿನಲ್ಲಿ, ಸಮಾಧಾನ ಮಾಡುವುದು ಕನ್ನಡದಲ್ಲಿ. ಹೋಟೆಲಿನ ಕೆಳಗೆ ಟೈರ್ ಅಂಗಡಿ ಮತ್ತು ಬೇಕರಿ. ಮೆಟ್ಟಿಲು ಹತ್ತಿ ಹೋದರೆ ನನ್ನ ರಿಸೆಪ್ಷನ್, ಅದರಾಚೆ ರೂಮುಗಳು. ನನಗೆ ಅಲ್ಲಿ ಕೆಲಸ ಕೊಡಿಸಿದವಳು ಬೋರತ್ತೆಯೇ. ಮದುವೆ ಸೀರೆ ತೆಗೆಯಲು ಮೊಳಕಾಲ್ಮೂರಿಗೆ ಹೊರಟವರು, ಕುದಾಪುರದ ಹತ್ತಿರದ ಸಂಶೋಧನಾ ಕೇಂದ್ರಗಳಲ್ಲಿರುವ ಮಗನನ್ನೋ ಅಳಿಯನನ್ನೋ ನೋಡಲು ಬಂದವರು, ಬೇಸಿಗೆ ರಜೆಗೆ ಮಕ್ಕಳನ್ನು ಕಟ್ಟಿಕೊಂಡು ಕೋಟೆ ನೋಡಲು ಹೊರಟವರು ಅಲ್ಲಿ ಇಳಿದುಕೊಳ್ಳುತ್ತಿದ್ದರು. ನಾನು ಅವರ ಹೆಸರು ಬರೆದುಕೊಂಡು, ಬೀಗದ ಕೈ ಕೊಟ್ಟು, ಮಿಕ್ಕ ಹೊತ್ತಿನಲ್ಲಿ ಕೌಂಟರಿನ ಕೆಳಗೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಹೈಸ್ಕೂಲು ದಾಟಿರಲಿಲ್ಲ. ಅಂಚೆಯಲ್ಲಿ ಪಾಠ ತರಿಸಿಕೊಂಡು ಬಿ.ಎ. ಮಾಡುತ್ತಿದ್ದೆ.

ಮೆಟ್ಟಿಲ ಬುಡದಲ್ಲಿ ಒಂದು ತಾಮ್ರದ ಚೊಂಬು ಇರುತ್ತಿತ್ತು. ಅದು ಬೋರತ್ತೆ ತನ್ನೂರು ನನ್ನಿವಾಳದ ಮನೆಯಿಂದ ತಂದದ್ದು. ಬಂದವರಿಗೆ ಕಾಲು ತೊಳೆಯಲು ನೀರು ಕೊಡಬೇಕು ಎನ್ನುವುದು ಅವಳ ಹಟ. ಕೆಲವರು ಬೂಟು ತೋರಿಸಿ ನಕ್ಕು ಹತ್ತಿಹೋಗುತ್ತಿದ್ದರು. ಕೆಲವರು ಫೋಟೋ ತೆಗೆದುಕೊಳ್ಳುತ್ತಿದ್ದರು. ವಯಸ್ಸಾದವರು ಮಾತ್ರ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ, "ಅಯ್ಯೋ ತಾಯಿ, ಎಷ್ಟು ತಣ್ಣಗೈತೆ" ಎಂದು ನಿಲ್ಲುತ್ತಿದ್ದರು.

ನಮ್ಮ ಹಟ್ಟಿಯಲ್ಲಿ ಒಂದು ಕಟ್ಟು ಇದೆ. ಯಾರ ಕಾಲಿಗೆ ನೀರು ಕೊಟ್ಟೆಯೋ ಅವರನ್ನು ಬಾಗಿಲಿಂದ ಹಿಂದಕ್ಕೆ ಕಳಿಸುವಂತಿಲ್ಲ. ಬೇಡದವರು ಬಂದರೆ ಕುಡಿಯಲು ನೀರು ಕೊಡುತ್ತಾರೆ, ಯೋಗಕ್ಷೇಮ ಕೇಳುತ್ತಾರೆ, ಬೀಡಿಯನ್ನೂ ಕೊಡುತ್ತಾರೆ. ಕಾಲಿಗೆ ಮಾತ್ರ ನೀರು ಕೊಡುವುದಿಲ್ಲ. ಬಂದವರಿಗೂ ಅದು ಗೊತ್ತಿರುತ್ತದೆ, ಬೀಡಿ ಮುಗಿದ ಮೇಲೆ ಎದ್ದು ಹೋಗುತ್ತಾರೆ.

ಈ ಕಟ್ಟನ್ನು ಬೋರತ್ತೆ ಹೋಟೆಲಿಗೂ ತಂದಿದ್ದಳು. ಒಂದು ಮದುವೆ ತಿಂಗಳಲ್ಲಿ ರೂಮುಗಳೆಲ್ಲ ತುಂಬಿದ್ದಾಗ ಮುದುಕ ಮುದುಕಿ ಇಬ್ಬರು ಬಂದರು. ನಾನು ಜಾಗವಿಲ್ಲ ಎನ್ನುವಷ್ಟರಲ್ಲಿ ಕೆಳಗೆ ಚೊಂಬಿನ ನೀರು ಅವರ ಕಾಲ ಮೇಲೆ ಬಿದ್ದಾಗಿತ್ತು. ಬೋರತ್ತೆ ಅವರನ್ನು ಕರೆದುಕೊಂಡು ಹೋಗಿ ದುಪ್ಪಟಿ ಇಡುವ ಕೋಣೆಯಲ್ಲಿ, ಮಡಿಚಿದ ದುಪ್ಪಟಿಗಳನ್ನೇ ಹಾಸಿಗೆ ಮಾಡಿ ಮಲಗಿಸಿದಳು. ಮರುದಿನ ಆ ದುಪ್ಪಟಿಗಳನ್ನೆಲ್ಲ ಮತ್ತೆ ಒಗೆದಳು. ಒಂದು ಮಾತೂ ಗೊಣಗಲಿಲ್ಲ.

"ಏಮಮ್ಮಾ ಬೋರಮ್ಮ, ಮೊದ್ಲು ರೂಮ್ ಐತಾ ಅಂತ ಮ್ಯಾಲೆ ಕೇಳು. ಆಮೇಲೆ ಚೊಂಬು ಎತ್ತು" ಎಂದರು ರಾಮಾಂಜಿನಪ್ಪ.

"ನೆಂಟ್ರು ಬಂದಾಗ ಮನ್ಯಾಗೆ ಅಕ್ಕಿ ಐತಾ ಅಂತ ಕೇಳಿ ಬಾ ಅಂತೀರೇನ್ರಿ?"

ಅವರು ತೆಲುಗಿನಲ್ಲಿ ಏನೋ ಅಂದುಕೊಂಡು ಹೊರಟುಹೋದರು.

ನಾಯಿಯ ಮಾತು ಶುರುವಾದದ್ದು ಅದಾದ ಮೇಲೆ. ರಜೆಗೆ ಬರುವವರು ಫೋನ್ ಮಾಡಿ, ನಮ್ಮ ಜೊತೆ ನಾಯಿ ಇದೆ, ಬಿಡುತ್ತೀರಾ ಎಂದು ಕೇಳುವುದು ಹೆಚ್ಚಾಗಿತ್ತು. ನಾನು ಇಲ್ಲ ಎನ್ನುತ್ತಿದ್ದೆ. ಅವರು ಮುಂದಿನ ಊರಿಗೆ ಹೋಗುತ್ತಿದ್ದರು. ಕೆಲವರು ಹೇಳದೆ ಬಂದು ನಾಯಿಯನ್ನು ಕಾರಿನಲ್ಲೇ ಬಿಟ್ಟು ಊಟಕ್ಕೆ ಕೂರುತ್ತಿದ್ದರು. ನಮ್ಮ ಕಡೆಯ ಬಿಸಿಲಿನಲ್ಲಿ ನಿಂತ ಕಾರು ಎಂದರೆ ಒಲೆ. ಗಾಜಿಗೆ ಮೂಗು ಒತ್ತಿಕೊಂಡು ಏದುಸಿರು ಬಿಡುವ ನಾಯಿಗಳನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ನಾಯಿಯನ್ನು ಒಳಗೆ ಬಿಡಬೇಕು ಎನ್ನುವ ಕಡೆಗೇ ನಾನಿದ್ದೆ, ಮಾಲೀಕರೂ ಇದ್ದರು. ಬೋರತ್ತೆಯೊಬ್ಬಳು ಇರಲಿಲ್ಲ.

"ಈಗಿನ ಜನಕ್ಕೆ ನಾಯಿ ಅಂದ್ರೆ ಮಗು ಇದ್ದಂಗೆ ಕಣಮ್ಮ" ಎಂದರು ರಾಮಾಂಜಿನಪ್ಪ.

"ಮಗು ಆದ್ರೆ ಚಡ್ಡಿ ಹಾಕ್ಕೊಂಡು ಕರ್ಕೊಂಡು ಬರಾಕೆ ಹೇಳ್ರಿ."

"ತಮಾಷೆ ಬ್ಯಾಡ. ನೀನೇ ನಾಯಿ ಜೊತೆ ಬೆಳೆದೋಳು. ನಾಯಿ ಕಂಡ್ರೆ ಆಗಲ್ಲ ಅಂದ್ರೆ ಯಾರು ನಂಬ್ತಾರೆ?"

ಅದು ನಿಜ. ಬೋರತ್ತೆ ಹುಡುಗಿಯಾಗಿದ್ದಾಗ ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿನಲ್ಲಿ ಕುರಿ ಮಂದೆಯ ಹಿಂದೆ ತಿರುಗಿದವಳು. ಆಗ ಅಲ್ಲಿ ಈಗಿನ ಸಂಶೋಧನಾ ಕೇಂದ್ರಗಳ ಕಾಂಪೌಂಡುಗಳಿರಲಿಲ್ಲ. ಮಂದೆಯ ನಾಯಿ ಕೆಂಚನ ಕಥೆಯನ್ನು ಅವಳು ನಮಗೆಲ್ಲ ಹೇಳಿದ್ದಾಳೆ. ಅದು ಸತ್ತಾಗ ಹೂಳಿದ ಜಾಗ ಇವತ್ತು ಗೋಡೆಯ ಆಚೆ ಇದೆ.

"ಆಗಲ್ಲ ಅಂತ ಯಾರಂದ್ರು?" ಎಂದಳು. "ನಮ್ಮ ಕೆಂಚ ಮಂದೆ ಸುತ್ತ ಮಲಗ್ತಿತ್ತು, ಹೊರಕ್ಕೆ ಮಕ ಮಾಡ್ಕೊಂಡು. ಗುಡ್ಲು ಒಳಗೆ ಒಂದಿನ ಬರ್ಲಿಲ್ಲ. ಅದಕ್ಕೆ ಅದರ ಜಾಗ ಗೊತ್ತಿತ್ತು. ಇಲ್ಲಿ ಇವತ್ತು ನಾಯಿ ಮಲಗಿದ ಮಂಚದ ಮ್ಯಾಲೆ ನಾಳೆ ಯಾರದೋ ಹಸುಗೂಸು ಮಲಗ್ತೈತೆ. ಆ ತಾಯಿಗೆ ನಾನು ಏನಂತ ಹೇಳ್ಲಿ? ಕೂದ್ಲು ಹೋಗಲ್ರಿ, ಎಷ್ಟು ಒಗೆದ್ರೂ ಹೋಗಲ್ಲ."

ಆಮೇಲೆ ಎಲ್ಲರ ಎದುರಿಗೆ, ಟೈರ್ ಅಂಗಡಿಯವನಿಗೂ ಕೇಳುವ ಹಾಗೆ ಹೇಳಿದಳು: "ನಾಯಿ ಈ ಮೆಟ್ಟಿಲು ಹತ್ತಿದ ದಿನ ನಾನು ಇಳೀತೀನಿ. ಮತ್ತೆ ಹತ್ತಲ್ಲ."

ಅವಳಂತೆ ದುಪ್ಪಟಿ ನೋಡಿಕೊಳ್ಳುವವರು ಚಳ್ಳಕೆರೆಯಲ್ಲಿ ಇನ್ನೊಬ್ಬರಿಲ್ಲ ಎಂದು ರಾಮಾಂಜಿನಪ್ಪನವರಿಗೆ ಗೊತ್ತಿತ್ತು. ನಾಯಿಗೆ ಪ್ರವೇಶವಿಲ್ಲ ಎಂಬ ಬೋರ್ಡು ಹಾಗೆಯೇ ಉಳಿಯಿತು.

ಬೇಸಿಗೆಯ ಒಂದು ಮಧ್ಯಾಹ್ನ ಒಂದು ಕುಟುಂಬ ಬಂತು. ಗಂಡ, ಹೆಂಡತಿ, ಒಬ್ಬಳು ಹುಡುಗಿ, ಒಬ್ಬರು ಅಜ್ಜಿ. ಮೊಳಕಾಲ್ಮೂರಿನಲ್ಲಿ ಸೀರೆ ತೆಗೆದುಕೊಂಡು ಬರುವಾಗ ಕಾರಿನ ಎಸಿ ಕೆಟ್ಟಿತ್ತಂತೆ. ಎಲ್ಲರ ಮುಖವೂ ಕೆಂಪಾಗಿತ್ತು. ಹಿಂದಿನ ಸೀಟಿನಿಂದ ಒಂದು ಮುದಿ ನಾಯಿ ಇಳಿಯಿತು. ಹಳದಿ ಬಣ್ಣ, ಮೂತಿಯೆಲ್ಲ ನರೆತಿತ್ತು. ಹೆಸರು ಲಡ್ಡು.

ಗಂಡ ಮೇಲೆ ಬಂದು ರೂಮು ಕೇಳಿದರು. ನಾನು ಬೋರ್ಡು ತೋರಿಸಿದೆ. ಅವರು ವಾದ ಮಾಡಲಿಲ್ಲ. ಬೆವರು ಒರೆಸಿಕೊಂಡು, "ಸರಿಮ್ಮ, ಮುಂದೆ ನೋಡ್ತೀವಿ" ಎಂದು ಇಳಿಯತೊಡಗಿದರು. ನಾನೂ ಅವರ ಹಿಂದೆ ಮೆಟ್ಟಿಲ ತನಕ ಬಂದೆ.

ಕೆಳಗೆ ಬೋರತ್ತೆ ಅಜ್ಜಿಯ ಕಾಲಿಗೆ ನೀರು ಹಾಕಿ ಮುಗಿಸಿದ್ದಳು. ಪಕ್ಕದಲ್ಲಿ ನಾಯಿ ನಿಂತಿತ್ತು. ಅಂಗಳದ ಸಿಮೆಂಟು ಕಾದಿತ್ತು. ಅದು ಒಂದು ಕಾಲು ಎತ್ತುತ್ತಿತ್ತು, ಇಡುತ್ತಿತ್ತು, ಇನ್ನೊಂದು ಎತ್ತುತ್ತಿತ್ತು. ಕೂಗಲಿಲ್ಲ. ಬೋರತ್ತೆ ಅದನ್ನು ನೋಡಿದಳು. ಚೊಂಬಿನಲ್ಲಿ ಉಳಿದಿದ್ದ ನೀರನ್ನು ಅದರ ಮುಂಗಾಲುಗಳ ಮೇಲೆ ಸುರಿದಳು. ಬಗ್ಗಿ ಪಕ್ಕದ ಬಕೆಟಿನಿಂದ ಇನ್ನೊಂದು ಚೊಂಬು ನೀರು ತೆಗೆದು ಹಿಂಗಾಲಿಗೂ ಹಾಕಿದಳು. ನಾಯಿ ಎತ್ತಿದ್ದ ಕಾಲನ್ನು ಕೆಳಗಿಟ್ಟಿತು.

ಆಮೇಲೆ ಅವಳ ಕೈ ನಿಂತಿತು. ಖಾಲಿ ಚೊಂಬನ್ನು ನೋಡಿದಳು. ತಲೆ ಎತ್ತಿ ನನ್ನನ್ನು ನೋಡಿದಳು. ಅವಳು ಏನು ಮಾಡಿದಳೆಂದು ಅಲ್ಲಿದ್ದವರಲ್ಲಿ ಗೊತ್ತಾದದ್ದು ನಮ್ಮಿಬ್ಬರಿಗೆ ಮಾತ್ರ. ನಾನು ಬಾಯಿ ಬಿಡುತ್ತಿರಲಿಲ್ಲ. ಅವಳು ಸುಮ್ಮನಿದ್ದಿದ್ದರೆ ಆ ಕಾರು ಹೋಗಿಬಿಡುತ್ತಿತ್ತು.

"ಹೋಗಬ್ಯಾಡ್ರಿ" ಎಂದಳು ಬೋರತ್ತೆ.

"ನಾಯಿ ಬಿಡಲ್ಲ ಅಂದ್ರಲ್ಲಮ್ಮ?"

"ಬಿಡಲ್ಲ ಅಂದಿದ್ದು ಹೌದು. ಕಾಲಿಗೆ ನೀರು ಕೊಟ್ಟಾಗೈತೆ. ಹತ್ರಿ ಮ್ಯಾಲೆ."

ಅವರಿಗೆ ಏನೂ ಅರ್ಥವಾಗಲಿಲ್ಲ. ಹುಡುಗಿ ಮಾತ್ರ ಕೇಳಿದ್ದೇ ತಡ ನಾಯಿಯನ್ನು ಕರೆದುಕೊಂಡು ಹತ್ತಿದಳು. ಮುದಿ ನಾಯಿ, ಒಂದೊಂದು ಮೆಟ್ಟಿಲಿಗೂ ನಿಂತು ಹತ್ತಿತು. ಒದ್ದೆ ಕಾಲಿನ ಗುರುತು ಮೇಲಿನವರೆಗೂ ಬಿತ್ತು.

ಅವರೆಲ್ಲ ರೂಮಿಗೆ ಹೋದ ಮೇಲೆ ಬೋರತ್ತೆ ಕೊನೆಯ ಸಲ ಮೇಲೆ ಬಂದಳು. ತನ್ನ ಊಟದ ಡಬ್ಬಿ, ಎಲೆ ಅಡಿಕೆ ಚೀಲ, ಕನ್ನಡಕ ಎತ್ತಿಕೊಂಡಳು. ಬೀಗದ ಕೈ ಗೊಂಚಲನ್ನು ನನ್ನ ಕೌಂಟರಿನ ಮೇಲಿಟ್ಟಳು. ಅಷ್ಟರಲ್ಲಿ ಬಂದ ರಾಮಾಂಜಿನಪ್ಪನವರಿಗೆ ನಗು ತಡೆಯಲಾಗಲಿಲ್ಲ.

"ಏಮಮ್ಮಾ ಬೋರಮ್ಮ, ಕುಕ್ಕ ಹತ್ತಿತಲ್ಲ! ಈಗೇನಂತೀಯಾ?"

"ಅದು ಹತ್ತಲಿ. ನಾನು ಇಳೀತೀನಿ. ಎರಡು ಮಾತೂ ನಂದೇ ಅಲ್ವೇನ್ರಿ?"

ಇಳಿದಳು. ಅವರ ನಗು ಅಲ್ಲಿಗೆ ನಿಂತಿತು.

ಕೆಲಸ ಬಿಡಲಿಲ್ಲ. ಹಿತ್ತಲಿನ ಒಗೆಯುವ ತೊಟ್ಟಿಯ ಪಕ್ಕ ಒಂದು ತಗಡಿನ ಶೆಡ್ಡು ಇತ್ತು, ಅಲ್ಲಿ ಕೂತಳು. ಕೊಳೆ ದುಪ್ಪಟಿಗಳನ್ನು ಗಂಟು ಕಟ್ಟಿ ಮೇಲಿನ ವರಾಂಡದಿಂದ ಎಸೆಯುತ್ತಿದ್ದೆವು, ಒಗೆದ ರಾಶಿಯನ್ನು ಬುಟ್ಟಿಯಲ್ಲಿಟ್ಟು ಹಗ್ಗದಿಂದ ಎಳೆದುಕೊಳ್ಳುತ್ತಿದ್ದೆವು. ನಾಯಿಗೆ ಪ್ರವೇಶವಿಲ್ಲ ಎಂಬ ಬೋರ್ಡು ಇಳಿಯಿತು. ಆದರೆ ಕಾನೂನೆಲ್ಲ ಶೆಡ್ಡಿನಿಂದಲೇ ಬರುತ್ತಿತ್ತು. ನಾಯಿಯವರಿಗೆ ಹಿಂದಿನ ತುದಿಯ ಎರಡು ರೂಮು ಮಾತ್ರ. ಆ ರೂಮಿನ ದುಪ್ಪಟಿಗಳ ಅಂಚಿಗೆ ಕರಿ ದಾರ ಹೊಲಿದಿರಬೇಕು, ಅವು ಬೇರೆ ಮಂಚಕ್ಕೆ ಹೋಗಬಾರದು. ಪಕ್ಕದ ರೂಮಿನಲ್ಲಿ ಕೂಸಿದ್ದರೆ ಮೊದಲು ಆ ತಾಯಿಯನ್ನು ಕೇಳಬೇಕು. ಮತ್ತೆ ಎಲ್ಲ ನಾಯಿಗೂ ಕಾಲಿಗೆ ನೀರು. "ಕಾಲು ತೊಳ್ಕೊಂಡು ಬಂದ್ರೆ ನೆಂಟ. ಹಂಗೇ ನುಗ್ಗಿದ್ರೆ ನಾಯಿ" ಎನ್ನುತ್ತಿದ್ದಳು. ಬೂಟು ಬಿಚ್ಚದೆ ಹತ್ತುವ ಮನುಷ್ಯರನ್ನೂ ಸೇರಿಸಿಯೇ ಹೇಳುತ್ತಿದ್ದಳು.

ರಾಮಾಂಜಿನಪ್ಪ ತಾವೇ ಶೆಡ್ಡಿಗೆ ಹೋಗಿ ಕರೆದರು. "ಯಾರೋ ನಾಲ್ಕು ಜನದ ಮುಂದೆ ಆಡಿದ ಮಾತಮ್ಮ. ಯಾರು ನೆನಪಿಟ್ಕೊಂಡಿದಾರೆ? ಬಾ ಮ್ಯಾಲೆ."

"ನಾನು ಇಟ್ಕೊಂಡಿದೀನಲ್ರಿ."

ನಾನೂ ಕೇಳಿದೆ. ಮಂಡಿ ನೋವಿಗೆ ಇದೇ ಆರಾಮ ಎಂದಳು ಮೊದಲು. ಬಿಡದೆ ಕೇಳಿದಾಗ, "ಆಡಿ ತಪ್ಪಿದ ಮಾತು ಎಷ್ಟು ಒಗೆದ್ರೂ ಬೆಳ್ಳಗಾಗಲ್ಲ ಕಣೆ" ಎಂದಳು.

ಡಿಗ್ರಿ ಆಗುವ ಮಾತಲ್ಲ ಎಂದವಳೇ ಹಿತ್ತಲಿನಿಂದ ದಿನಾ ಕೂಗುತ್ತಿದ್ದಳು: "ಏಯ್, ಓದ್ತಿದೀಯೋ, ಮೊಬೈಲ್ ಒತ್ತುತಿದೀಯೋ?" ಪರೀಕ್ಷೆಗೆ ರಜೆ ಕೊಡಲು ಮಾಲೀಕರು ಹಿಂದೆ ಮುಂದೆ ನೋಡಿದಾಗ ಅವತ್ತು ಬುಟ್ಟಿಯಲ್ಲಿ ದುಪ್ಪಟಿ ಮೇಲೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನಗೆ ರಜೆ ಸಿಕ್ಕಿತು, ಆಮೇಲೆ ಬುಟ್ಟಿಯೂ ಬಂತು. ಒಂದು ವಿಷಯದಲ್ಲಿ ಫೇಲಾಗಿ ಬಂದಾಗ, "ನಾ ಹೇಳಿರ್ಲಿಲ್ಲ?" ಎಂದಳು. ಮುಂದಿನ ಸಲ ಹೊರಟಾಗ ತಾನೇ ಬಸ್ಸು ಹತ್ತಿಸಿದಳು.

ಆ ದಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ. "ಅತ್ತೆ, ನಾನು ಪಾಸಾಗಿ ಸರ್ಟಿಫಿಕೇಟ್ ತಂದ್ರೆ, ಒಂದೇ ಒಂದು ಸಲ ಮೆಟ್ಟಿಲು ಹತ್ತಿ ಬರ್ತೀಯಾ? ನನ್ನ ಕೌಂಟರ್ ತನಕ?"

ನನಗೆ ಅದೊಂದು ಬೇಕಿತ್ತು. ಡಿಗ್ರಿಗಿಂತ ಹೆಚ್ಚಾಗಿ ಬೇಕಿತ್ತೋ ಏನೋ.

"ಮೊದ್ಲು ತಗೊಂಬಾ" ಎಂದಳು. ಬಸ್ಸು ಹೊರಟಿತು.

ಪಾಸಾದೆ. ಸರ್ಟಿಫಿಕೇಟು ಬರುವುದು ತಡವಾಯಿತು. ಅಷ್ಟರಲ್ಲಿ ಬೋರತ್ತೆಗೆ ಜ್ವರ ಬಂತು. ಸಾದಾ ಜ್ವರ ಎಂದು ತೊಟ್ಟಿಯ ಮುಂದೆ ಕೂತೇ ಇದ್ದಳು. ಆಮೇಲೆ ಆಸ್ಪತ್ರೆ. ಆಮೇಲೆ ನನ್ನಿವಾಳ. ಮಣ್ಣು ಮಾಡಿ ಬಂದ ಮೇಲೆ ನಾನು ಕೆಲಸಕ್ಕೆ ಹೋದೆ. ಒಂದು ಕುಟುಂಬ ಬಂತು, ಹೆಸರು ಬರೆದುಕೊಂಡೆ, ಬೀಗದ ಕೈ ಕೊಟ್ಟೆ. ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದರು, ಹೇಳಿದೆ. ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಮೆಟ್ಟಿಲ ಬುಡದ ಚೊಂಬನ್ನು ತೋರಿಸಿ, ಇದು ಗಿಡಕ್ಕೆ ನೀರು ಹಾಕೋದಾ ಎಂದು ಆ ಮನೆಯ ಮಗು ಕೇಳಿತು. ಹೂಂ ಎಂದೆ.

ದುಪ್ಪಟಿಗಳು ಈಗ ಲಾಂಡ್ರಿಗೆ ಹೋಗುತ್ತವೆ. ಬೆಳ್ಳಗೇ ಬರುತ್ತವೆ. ಕರಿ ದಾರದವು ಯಾವ ರೂಮಿಗೆ ಹೋಗುತ್ತವೋ ಯಾರೂ ನೋಡುವುದಿಲ್ಲ.

ಸರ್ಟಿಫಿಕೇಟು ಬಂದ ದಿನ ಅದನ್ನು ತೆಗೆದುಕೊಂಡು ನನ್ನಿವಾಳಕ್ಕೆ ಹೋದೆ. ಆ ಚೊಂಬನ್ನೂ ಚೀಲದಲ್ಲಿಟ್ಟುಕೊಂಡೆ. ಅವಳ ಗಂಡ ಪಾಲಯ್ಯ ಮಾವ ಬಾಗಿಲಲ್ಲಿ ಕೂತಿದ್ದ. ಚೊಂಬು ಕೈಗೆ ಕೊಟ್ಟೆ. ಎದ್ದುಹೋಗಿ ಅದರಲ್ಲಿ ನೀರು ತುಂಬಿಕೊಂಡು ಬಂದ, ನನ್ನ ಕಾಲಿಗೆ ಹಾಕಿದ. ನಾನು ಒಳಗೆ ಹೋಗಿ ಸರ್ಟಿಫಿಕೇಟು ಕೊಟ್ಟೆ. ಮಾವನಿಗೆ ಓದಲು ಬರುವುದಿಲ್ಲ. ಪಂಚೆಗೆ ಕೈ ಒರೆಸಿಕೊಂಡು, ಅಂಚು ಮಾತ್ರ ಹಿಡಿದು, ಬಹಳ ಹೊತ್ತು ನೋಡಿದ.

"ಇದನ್ನ ನೋಡಾಕಾದ್ರೂ ನಿಮ್ಮತ್ತೆ ಆ ಮೆಟ್ಟಿಲು ಹತ್ತಿ ಬರ್ತಿದ್ಲೇನೋ" ಎಂದ.

ಮಾವ ತಲೆಯಾಡಿಸಿದ.

"ಇಲ್ಲ ಬಿಡು. ಬರ್ತಿರ್ಲಿಲ್ಲ. ನೀನೇ ಇಳ್ದು ಹೋಗಿ ಕೊಡಬೇಕಿತ್ತು."