ಅಮರಗೋಳದಲ್ಲಿ ನಿಂತ ಬಸ್ಸು

ನಡೆಯುವವರಿಗೂ ಎಂಟು ತಾಸು ಕೊಡುವ ಮ್ಯಾರಥಾನ್ ಒಂದನ್ನು ಹುಡುಕಿ ಮೊದಲ ಬಾರಿ ಹೆಸರು ಬರೆಸಿದ್ದೇನೆ. ಮೈಸೂರಿನಿಂದ ಹುಬ್ಬಳ್ಳಿಯ ಅಕ್ಕನ ಮನೆಗೆ ಬಂದರೂ ಅಭ್ಯಾಸ ತಪ್ಪಬಾರದೆಂದು ಇವತ್ತು ಬೆಳಿಗ್ಗೆ ಧಾರವಾಡಕ್ಕೆ ಒಬ್ಬಳೇ ನಡೆದು ಹೊರಟೆ. ಒಂದೇ ಸಲ ಇಪ್ಪತ್ತು ಕಿಲೋಮೀಟರ್ ನಾನು ಎಂದೂ ನಡೆದವಳಲ್ಲ.

ಈ ಊರಿನವರು ನಡೆಯಲು ಬಿಟ್ಟರೆ ತಾನೇ! ನಾಲ್ವರು ಗಾಡಿ ನಿಲ್ಲಿಸಿ ಹತ್ತಿ ಎಂದರು. ಐದನೆಯವರು ಸ್ಕೂಟರಿನ ಮೇಲಿದ್ದ, ಬಿಳಿ ಟೋಪಿಯ ಹಿರಿಯರು.

"ಬರ್ರಿ ಅಕ್ಕಾರ, ಧಾರವಾಡಕ್ಕ ಬಿಡ್ತೇನಿ."

"ಬೇಡಿ, ಬೇಕು ಅಂತಲೇ ನಡೀತಾ ಇದೀನಿ."

"ಮನ್ಯಾಗ ಜಗಳಾ ಆಗೇತೇನ್ರಿ?"

ಬಿರುಸಾಗಿ ಹೆಜ್ಜೆ ಹಾಕಿದೆ. ಅಮರಗೋಳಕ್ಕೆ ಬಂದು ನೋಡಿದರೆ, ಅದೇ ಹಿರಿಯರು ಕೈ ಅಡ್ಡ ಹಿಡಿದು ಒಂದು ಬಸ್ಸನ್ನು ನಿಲ್ಲಿಸಿಕೊಂಡಿದ್ದರು. ಕಿಟಕಿಗಳ ತುಂಬ ಮುಖಗಳು.

"ಲಗೂ ಬರ್ರಿ, ನಿಮ್ಮ ಸಲುವಾಗಿ ನಿಂತೇವಿ!" ಎಂದು ಕಂಡಕ್ಟರ್ ಕೂಗಿದ.

ಮ್ಯಾರಥಾನ್ ಎಂದು ವಿವರಿಸತೊಡಗಿದೆ. ಹಿಂದಿನ ವಾಹನಗಳ ಹಾರ್ನ್ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಬಾಗಿಲ ಬಳಿ ಕುಳಿತಿದ್ದ ಅಜ್ಜಿಯೊಬ್ಬರು ಸರಿದು ಜಾಗ ಮಾಡಿ, ಸೀಟು ತಟ್ಟಿದರು.

"ಸಿಟ್ಟಿನ್ಯಾಗ ಮನಿ ಬಿಡಬಾರದವಾ. ಬಾ, ಕುಂದರು."

ಎಂಟನೇ ಕಿಲೋಮೀಟರಿನಲ್ಲಿ, ಹಲ್ಲು ಕಚ್ಚಿಕೊಂಡು, ಬಸ್ಸು ಹತ್ತಿದೆ.